ನಾಚಿಕೆ ಬಗ್ಗೆ ಬರೆಯೋಕೆ ಹಾಯ್ಕುನಾ, ತಂಕಾನಾ, ಚುಟುಕಾನಾ?

ನಮ್ಮನ್ನ ನಾವೇ ಬೈಕೊಳ್ಳೋ ಒಳಗಿನ ದನಿ ಬಗ್ಗೆ ಬರೀಬೇಕು ಅಂದ್ರೆ ಮೊದಲು ಹಾಯ್ಕು ಟ್ರೈ ಮಾಡಿ. ಇದು ಜಪಾನಿನ ಮೂರು ಸಾಲಿನ ಪುಟ್ಟ ಕವಿತೆ, ಸಾಲುಗಳಲ್ಲಿ 5-7-5, ಒಟ್ಟು 17 ಅಕ್ಷರ ಅಷ್ಟೇ, ಅದ್ರಲ್ಲಿ "ನಾನೇ ಸರಿ ಇಲ್ಲ" ಅಂತ ತೀರ್ಪು ಕೊಡೋಕೆ ಜಾಗಾನೇ ಇರಲ್ಲ, ಕಂಡಿದ್ದನ್ನ ಮಾತ್ರ ಇಡ್ಬೇಕು, ನಾಚಿಕೆ ಮೊದ್ಲು ಬರೋದೇ ಮೈಗೆ ಅಲ್ವಾ, ಕಿವಿ ಬಿಸಿಯಾಗತ್ತೆ, ಕಣ್ಣು ಕೆಳಗೆ ಹೋಗತ್ತೆ, ಅದನ್ನ ಹಿಡಿಯೋಕೆ ಹಾಯ್ಕು ಚೆನ್ನಾಗಿದೆ. ನಾನು ಬರೆದಿದ್ದು:

ತಲೆ ತಗ್ಗಿಸಿ
ಚಪ್ಪಲಿ ನೋಡ್ತಾ ನಿಂತೆ
ಬಾಗಿಲಾಚೆಗೆ

ತಂಕಾನೂ ಜಪಾನಿನದೇ, ಅದ್ರಲ್ಲಿ ಇದಕ್ಕೇ ಇನ್ನೂ 7-7 ಅಕ್ಷರದ ಎರಡು ಸಾಲು ಸೇರತ್ತೆ, ಒಟ್ಟು 31. ಸ್ವಲ್ಪ ದಿನ ಬಿಟ್ಟು ಸೇರಿಸ್ದೆ:

ಕರೆದ್ರೆ ಹೋಗ್ತಿದ್ದೆನಾ
ಇವತ್ತಿಗೂ ಗೊತ್ತಿಲ್ಲ

ಈ ಎರಡು ಸಾಲಲ್ಲಿ ಮನಸ್ಸು ಮಾತಾಡ್ಬಹುದು, ಆದ್ರೆ ಬೈಗುಳ ನುಗ್ಗೋದೂ ಇಲ್ಲೇ, ಅದಕ್ಕೆ ಪ್ರಶ್ನೆಯಾಗೇ ಬಿಟ್ಟೆ.

ಚುಟುಕ ನಾಲ್ಕು ಸಾಲು, ಪ್ರಾಸ ಇರತ್ತೆ, ಬರೆಯೋಕೆ ಖುಷಿ. ಆದ್ರೆ ಗಾಯ ಹಸಿ ಇರೋವಾಗ ನಾನಂತೂ ಬೇಡ ಅಂತೀನಿ, ಯಾಕಂದ್ರೆ ನಮ್ಮನ್ನೇ ಹಳಿದುಕೊಂಡ ಮಾತಿಗೆ ಪ್ರಾಸ ಕೂತ್ರೆ ಅದು ಬಾಯಿಪಾಠ ಆಗಿ ತಲೇಲೇ ಸುತ್ತತ್ತೆ. ಹಳೇ ವಿಷಯ, ಈಗ ನೋವಿಲ್ಲ ಅಂದ್ರೆ ಪರ್ವಾಗಿಲ್ಲ. ನಿನ್ನೆ ಮೊನ್ನೆಯದಾದ್ರೆ ಹಾಯ್ಕು, ವಾರ ಕಳೆದ್ಮೇಲೂ ಕಾಡ್ತಿದ್ರೆ ಅದನ್ನೇ ತಂಕಾ ಮಾಡಿ.