ಎಚ್‌ಡಿಆರ್ ವಿಡಿಯೋ ಮೇಲೆ ಬಿಳಿ ಟೈಟಲ್ ಹಾಕುವ ಮೊದಲು ಇದನ್ನು ಓದಿ

"ಎಚ್‌ಡಿಆರ್ ರೆಡಿ" ಎಂದು ಬರೆದ ಟೈಟಲ್ ಪ್ಯಾಕ್ (ಹೆಸರು, ಲೋಗೋ ಆಡಿಸುವ ಸಿದ್ಧ ಪ್ರಾಜೆಕ್ಟ್) ಕೊಳ್ಳುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಎಚ್‌ಡಿಆರ್ ಅಂದರೆ ಸಾದಾ ವಿಡಿಯೋಗಿಂತ ಜಾಸ್ತಿ ಬೆಳಕು, ಜಾಸ್ತಿ ಬಣ್ಣ ತೋರಿಸುವ ವಿಡಿಯೋ. ನಾನು ಅದನ್ನೇ ನಂಬಿ ಗಿರಾಕಿಯ ಮುಂದೆ ತಲೆ ತಗ್ಗಿಸಿ ನಿಂತಿದ್ದೇನೆ.

ಕಾರವಾರದ ಹತ್ತಿರ ಒಂದು ಹೋಂಸ್ಟೇ ವಿಡಿಯೋ. ಕಾಳಿ ನದಿ ಸಮುದ್ರ ಸೇರುವ ಜಾಗ, ಸದಾಶಿವಗಡದ ಗುಡ್ಡ, ದೇವಬಾಗದ ಗಾಳಿಮರಗಳ ಸಂದಿಯಲ್ಲಿ ಮುಳುಗುವ ಸೂರ್ಯ. ಹುಬ್ಬಳ್ಳಿಯ ಗೆಳೆಯ ಎಚ್‌ಡಿಆರ್ ಮಾನಿಟರ್ ಮುಂದೆ ಕೂತು ಚೆಂದ ಗ್ರೇಡ್ ಮಾಡಿ (ಬಣ್ಣ, ಬೆಳಕು ಹೊಂದಿಸಿ) ಪಿಕ್ಯು ಪ್ರೋರೆಸ್ ಫೈಲ್ ಕಳಿಸಿದ. ಪಿಕ್ಯು ಅಂದರೆ ಎಚ್‌ಡಿಆರ್ ಬೆಳಕನ್ನು ಅಂಕಿಗಳಲ್ಲಿ ಬರೆಯುವ ಒಂದು ವಿಧಾನ, ಪ್ರೋರೆಸ್ ಫೈಲಿನ ಬಗೆ. ಅದರ ಮೇಲೆ ಹೆಸರು, ಲೋಗೋ ಆಡಿಸುವುದಷ್ಟೇ ನನ್ನ ಕೆಲಸ. ಆಫ್ಟರ್ ಎಫೆಕ್ಟ್ಸ್‌ನಲ್ಲಿ (ಅಕ್ಷರ, ಚಿತ್ರ ಆಡಿಸುವ ಸಾಫ್ಟ್‌ವೇರ್) ಆ ಪ್ಯಾಕ್ ತೆರೆದು ವಿಡಿಯೋ ಕೂರಿಸಿದೆ. ನನ್ನ ಸಾದಾ ಮಾನಿಟರ್‌ನಲ್ಲಿ ಚಿತ್ರ ಮಂಕಾಗಿ, ಬೂದಿ ಬಣ್ಣದಲ್ಲಿ ಕಂಡಿತು. ಎಚ್‌ಡಿಆರ್ ಅಲ್ವಾ, ಇಲ್ಲಿ ಹಾಗೇ ಕಾಣುವುದು ಎಂದುಕೊಂಡು ರೆಂಡರ್ ಕೊಟ್ಟುಬಿಟ್ಟೆ.

ಹೋಂಸ್ಟೇ ಹಾಲ್‌ನಲ್ಲಿ ದೊಡ್ಡ ಓಎಲ್‌ಇಡಿ ಟಿವಿ. ಪೆನ್‌ಡ್ರೈವ್ ಹಾಕಿದೆವು. ಸೂರ್ಯ ಮುಳುಗುವ ಶಾಟ್, ನೀರಿನ ಮೇಲೆ ಕೆಂಪು ಗೆರೆ, ಎಲ್ಲರೂ ಸುಮ್ಮನೆ ನೋಡುತ್ತಿದ್ದರು. ಅಷ್ಟರಲ್ಲಿ ಅಗಲಕ್ಕೆ ಹೋಂಸ್ಟೇ ಹೆಸರು ಬಂತು. ಟ್ಯೂಬ್‌ಲೈಟ್ ಹತ್ತಿದ ಹಾಗೆ! ಸೂರ್ಯನಿಗಿಂತ ಅಕ್ಷರವೇ ಜಾಸ್ತಿ ಬೆಳಗುತ್ತಿತ್ತು, ಅದೇ ಹೊತ್ತಿಗೆ ಹಿಂದಿನ ಸಮುದ್ರ, ಆಕಾಶ ಎಲ್ಲ ಕಪ್ಪಿಟ್ಟವು. ಹೆಸರು ಹೋದ ಮೇಲೆ ಮತ್ತೆ ಬೆಳಕು ಬಂತು. ಲೋಗೋದ ಬಾಳೆ ಎಲೆ ಹಸಿರು ರೇಡಿಯಂ ಸ್ಟಿಕ್ಕರ್ ಥರ ಆಗಿತ್ತು. ಯಜಮಾನರು ಕೈ ಅಡ್ಡ ಹಿಡಿದು, "ತಮ್ಮಾ, ನೋಡೂಕಾಗೂದಿಲ್ಲಲ್ಲ, ಕಣ್ಣು ಕುಕ್ತದೆ" ಅಂದರು.

ಆಗಿದ್ದು ಇಷ್ಟು. ಪ್ಯಾಕ್‌ನ ಪ್ರಾಜೆಕ್ಟ್ 8 ಬಿಟ್‌ನಲ್ಲಿತ್ತು (ಪ್ರತಿ ಬಣ್ಣಕ್ಕೆ 0ರಿಂದ 255ರವರೆಗೆ ಮೆಟ್ಟಿಲು), ಒಂದು ಬಗೆಯ ಬಣ್ಣವನ್ನು ಇನ್ನೊಂದಕ್ಕೆ ಬದಲಿಸಿಕೊಡುವ ಕಲರ್ ಮ್ಯಾನೇಜ್‌ಮೆಂಟ್ ಆಫ್. ಅದರ ಬಿಳಿ ಅಂದರೆ 255. ಸಾದಾ ವಿಡಿಯೋದಲ್ಲಿ ಆ ಬಿಳಿಗೆ ಲೆಕ್ಕ ಸುಮಾರು 100 ನಿಟ್ಸ್ (ಬೆಳಕಿನ ಅಳತೆ). ಆದರೆ ಬದಲಿಸದೆ ಹಾಗೇ ಪಿಕ್ಯುಗೆ ಹಾಕಿದರೆ ಅದೇ 255 ಪೂರ್ತಿ ಬಿಳಿ ಆಗುತ್ತದೆ, ಅಂದರೆ 10,000 ನಿಟ್ಸ್. ಮನೆಯ ಸಾಮಾನ್ಯ ಟಿವಿ ಅಷ್ಟು ಕೊಡಲಾರದು, ತನ್ನ ಕೈಲಾದಷ್ಟು ಕೊಡುತ್ತದೆ. ಓಎಲ್‌ಇಡಿಯಲ್ಲಿ ಬಿಳಿ ಜಾಗ ದೊಡ್ಡದಾದರೆ ಟಿವಿ ತಾನೇ ಪೂರ್ತಿ ಪರದೆಯ ಬೆಳಕು ಇಳಿಸಿಕೊಳ್ಳುತ್ತದೆ. ಸಮುದ್ರ ಕಪ್ಪಾಗಿದ್ದು ಅದಕ್ಕೇ. ಹಸಿರು ಕೆಟ್ಟಿದ್ದೂ ಅದೇ ತಪ್ಪಿನಿಂದ, ರೆಕ್ 709ರ (ಸಾದಾ ವಿಡಿಯೋದ) ಬಣ್ಣವನ್ನು ಬದಲಿಸದೆ ಎಚ್‌ಡಿಆರ್‌ನ ಹೆಚ್ಚು ಬಣ್ಣ ಹಿಡಿಯುವ ರೆಕ್ 2020 ಒಳಗೆ ತುರುಕಿದ್ದೆ.

ಟೈಟಲ್‌ನ ಬಿಳಿ 203 ನಿಟ್ಸ್ ಹತ್ತಿರ ಇರಲಿ. ಪ್ರಸಾರಕ್ಕೆ ಮಾನದಂಡ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಟಿಯು ತನ್ನ ಬಿಟಿ 2408 ವರದಿಯಲ್ಲಿ ಹೇಳುವುದು ಇದನ್ನೇ: ಪಿಕ್ಯುನಲ್ಲಿ ಸಿಗ್ನಲ್‌ನ 58%, ಎಚ್‌ಡಿಆರ್‌ನ ಇನ್ನೊಂದು ವಿಧಾನ ಎಚ್‌ಎಲ್‌ಜಿಯಲ್ಲಿ 75%. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ವೈಟ್ ಅಂತ ಸೆಟ್ಟಿಂಗೇ ಇದೆ, 203 ಆರಿಸಿ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪ್ರಾಜೆಕ್ಟನ್ನು 32 ಬಿಟ್‌ಗೆ ಏರಿಸಿ, ವರ್ಕಿಂಗ್ ಸ್ಪೇಸ್ (ಪ್ರಾಜೆಕ್ಟ್ ಲೆಕ್ಕ ಹಾಕುವ ಬಣ್ಣದ ವ್ಯವಸ್ಥೆ) ಎಚ್‌ಡಿಆರ್‌ನ ರೆಕ್ 2100 ಪಿಕ್ಯು ಇಡಿ, ಲೋಗೋ ಫೈಲ್‌ನ ಬಣ್ಣ ಎಸ್‌ಆರ್‌ಜಿಬಿ (ಕಂಪ್ಯೂಟರ್ ಚಿತ್ರಗಳ ಸಾಮಾನ್ಯ ಬಗೆ) ಎಂದು ಸರಿಯಾಗಿ ಹೇಳಿಕೊಡಿ. ಅಕ್ಷರದ ಸುತ್ತ ಗ್ಲೋ (ಹೊಳಪು) ಹಾಕುವವರು ಇನ್ನೂ ಜಾಸ್ತಿ ಜಾಗ್ರತೆ, ಒಂದರ ಮೇಲೊಂದು ಸೇರಿ ಬೆಳಕು ಎಲ್ಲಿಗೋ ಹೋಗುತ್ತದೆ. ಕೊನೆಗೆ 10 ಬಿಟ್‌ನಲ್ಲೇ ಹೊರತೆಗೆಯಿರಿ. 8 ಬಿಟ್ ಆದರೆ ಸಂಜೆಯ ಆಕಾಶದಲ್ಲಿ ಪಟ್ಟೆ ಪಟ್ಟೆ ಏಳುತ್ತದೆ.

ಎಚ್‌ಡಿಆರ್ ಮಾನಿಟರ್ ಇಲ್ಲದಿದ್ದರೆ ಹತ್ತು ಸೆಕೆಂಡಿನ ತುಣುಕು ತೆಗೆದು ಯಾರದಾದರೂ ಮನೆಯ ಎಚ್‌ಡಿಆರ್ ಟಿವಿಯಲ್ಲಿ ಹಾಕಿ ನೋಡಿ. ನಾನು ಇದೊಂದು ಮಾಡಿದ್ದರೂ ಸಾಕಿತ್ತು.

ಎರಡು ರಾತ್ರಿ ಕೂತು ಎಲ್ಲ ಟೈಟಲ್ ಹೊಸದಾಗಿ ಮಾಡಿದೆ. ಪ್ಯಾಕ್ ಮಾರಿದವರಿಗೆ ಬರೆದೆ, ಉತ್ತರ ಇಲ್ಲ, ದುಡ್ಡೂ ವಾಪಸ್ ಬಂದಿಲ್ಲ. ನೀವೂ ಇಂಥ ಪ್ಯಾಕ್ ಕೊಂಡಿದ್ದರೆ ಇವತ್ತೇ ಪ್ರಾಜೆಕ್ಟ್ ಸೆಟ್ಟಿಂಗ್ಸ್ ತೆರೆದು ಎಷ್ಟು ಬಿಟ್ ಇದೆ ನೋಡಿಕೊಳ್ಳಿ.