ಕುತ್ತಿಗೆ-ಹೆಗಲ ನೋವಿಗೆ ಎಣ್ಣೆ ನೀವುವುದೋ, ಗಂಟು ಒತ್ತುವುದೋ?

ಶಿರಸಿ ಸುತ್ತಮುತ್ತ ಅಡಿಕೆ ಕೊಯ್ಲಿನ ಕಾಲದಲ್ಲಿ ಹೆಗಲು ನೋವಿಲ್ಲದ ಮನೆ ಕಡಿಮೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು, ತಲೆ ತಗ್ಗಿಸಿ, ರಾತ್ರಿ ಊಟ ಆದಮೇಲೂ ಸುಲಿಯುತ್ತಲೇ ಇರುತ್ತಾರೆ. ನನಗೆ ಹಗಲು ಕಂಪ್ಯೂಟರ್ ಮುಂದೆ ಲೆಕ್ಕ ಬರೆಯುವ ಕೆಲಸ, ರಾತ್ರಿ ಸುಲಿಯುವ ಕೆಲಸ. ಎರಡರಲ್ಲೂ ಕುತ್ತಿಗೆ ಬಗ್ಗಿಯೇ ಇರುತ್ತದೆ. ತಲೆಯ ತೂಕವೇ ಸುಮಾರು 4.5ರಿಂದ 5 ಕಿಲೋ. ಅದು ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳ ಮೇಲೆ ಭಾರ ಜಾಸ್ತಿ.

ನನ್ನ ನೋವು ಎರಡು ಸ್ನಾಯುಗಳದ್ದು. ಒಂದು ಟ್ರಪೀಜಿಯಸ್‌ನ ಮೇಲ್ಭಾಗ, ಅಂದರೆ ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ದಪ್ಪ ಮಾಂಸ. ಇನ್ನೊಂದು ಲಿವೇಟರ್ ಸ್ಕ್ಯಾಪುಲೆ. ಇದು ಕುತ್ತಿಗೆಯ ಮೇಲಿನ ನಾಲ್ಕು ಮೂಳೆಗಳಿಂದ ಹೊರಟು ಹೆಗಲ ಹಲಗೆಯ ಮೇಲಿನ ಮೂಲೆಗೆ ಅಂಟಿಕೊಳ್ಳುತ್ತದೆ. ಇದು ಬಿಗಿದರೆ ಕತ್ತು ತಿರುಗಿಸುವುದು ಕಷ್ಟ. ಸ್ಕೂಟರ್ ಮೇಲೆ ಕೂತು ಹಿಂದೆ ನೋಡಬೇಕಾದಾಗ ನನಗೆ ಅದು ಚೆನ್ನಾಗಿ ಗೊತ್ತಾಗುತ್ತಿತ್ತು. ಹಾಗಾಗಿ ಪ್ರತಿ ಚಿಕಿತ್ಸೆಗೂ ನನ್ನ ಅಳತೆ ಒಂದೇ: ಗದ್ದ ಹೆಗಲ ಕಡೆ ಎಷ್ಟು ಬರುತ್ತದೆ, ಮರುದಿನ ಬೆಳಿಗ್ಗೆಯೂ ಅಷ್ಟೇ ಬರುತ್ತದಾ?

ಮೊದಲು ಎಣ್ಣೆ. ಮಹಾನಾರಾಯಣ ತೈಲ ಬಿಸಿ ಮಾಡಿ ಕುತ್ತಿಗೆಯಿಂದ ಹೆಗಲಿಗೆ ನೀವಿ, ಆಮೇಲೆ ಸೊಪ್ಪಿನ ಗಂಟಿನ ಶಾಖ. ಲಕ್ಕಿ, ಎಕ್ಕ, ಹರಳು, ನುಗ್ಗೆ ಸೊಪ್ಪುಗಳನ್ನು ತೆಂಗಿನ ತುರಿ, ನಿಂಬೆ ಜೊತೆ ಎಣ್ಣೆಯಲ್ಲಿ ಹುರಿದು ಬಟ್ಟೆಯಲ್ಲಿ ಕಟ್ಟಿ ಬಿಸಿಬಿಸಿಯಾಗಿ ಒತ್ತುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಪತ್ರಪಿಂಡ ಸ್ವೇದ ಎನ್ನುತ್ತಾರೆ. ಇದರಷ್ಟು ಹಿತವಾದದ್ದು ನಾನು ಬೇರೆ ಕಂಡಿಲ್ಲ. ಆ ರಾತ್ರಿ ನಿದ್ದೆ ಗಟ್ಟಿ. ಮೈಯೆಲ್ಲ ಹಗುರ. ಆದರೆ ಸ್ನಾಯುವಿನೊಳಗೆ ಕೈಗೆ ಸಿಗುವ ಬಿಗಿದ ಗಂಟು ಹಾಗೇ ಇರುತ್ತಿತ್ತು. ಎರಡು ದಿನ ಕೂತು ಕೆಲಸ ಮಾಡಿದರೆ ಅದೇ ಜಾಗದಲ್ಲಿ ಅದೇ ನೋವು. ಇಡೀ ಬೆನ್ನು-ಹೆಗಲು ದಣಿದು ನೋಯುವವರಿಗೆ, ನಿದ್ದೆ ಕೆಟ್ಟವರಿಗೆ ನಾನು ಈಗಲೂ ಇದನ್ನೇ ಮೊದಲು ಹೇಳುತ್ತೇನೆ. ಬೆರಳಿಟ್ಟು ತೋರಿಸಬಲ್ಲ ಒಂದು ಬಿಂದುವಿನ ನೋವಿಗೆ ಮಾತ್ರ ಇದು ಸಾಲದು. ನಮ್ಮ ಆಯಿ ಇದನ್ನು ಒಪ್ಪುವುದಿಲ್ಲ. "ಬಚ್ಚಲ ಹಂಡೆಯ ಬಿಸಿನೀರು ಚೆನ್ನಾಗಿ ಹೊಯ್ಕೊಂಡ್ರೆ ಎಲ್ಲ ಸರಿಹೋಗ್ತು" ಅನ್ನುತ್ತಾಳೆ. ಬಿಸಿನೀರಿನಿಂದ ಸ್ನಾಯು ಸಡಿಲವಾಗುವುದು ನಿಜ. ಅದಾದ ಮೇಲೆ ಮಾಡುವ ಚಿಕಿತ್ಸೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಆಮೇಲೆ ಫಿಸಿಯೋಥೆರಪಿ. ಅಲ್ಲಿ ಮೊದಲು ಸಿಕ್ಕಿದ್ದು ಒತ್ತಿ ಹಿಡಿಯುವ ವಿಧಾನ. ಸ್ನಾಯುವಿನಲ್ಲಿ ಬಿಗಿದ ಎಳೆಯೊಂದು ಕೈಗೆ ಸಿಗುತ್ತದೆ. ಅದರ ಮೇಲೆ ಒಂದು ಜಾಗ ಒತ್ತಿದರೆ ನೋವು ಬೇರೆಲ್ಲೋ ಏಳುತ್ತದೆ. ನನಗೆ ಹೆಗಲ ಮೇಲೆ ಒತ್ತಿದರೆ ಕಿವಿಯ ಹಿಂದೆ, ಕಣತಲೆಯ ಹತ್ತಿರ ನೋವು. ಇಷ್ಟು ದಿನ ತಲೆನೋವು ಅಂದುಕೊಂಡಿದ್ದರ ಮೂಲ ಅಲ್ಲಿತ್ತು! ಇಂಥ ಬಿಂದುಗಳಿಗೆ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ಯಾವ ಸ್ನಾಯುವಿನ ಬಿಂದು ಎಲ್ಲಿ ನೋವು ಎಬ್ಬಿಸುತ್ತದೆ ಎಂದು ನಕ್ಷೆ ಹಾಕಿದವರಲ್ಲಿ ಮುಖ್ಯರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಅಧ್ಯಕ್ಷ ಕೆನಡಿಯ ಬೆನ್ನುನೋವಿಗೂ ಚಿಕಿತ್ಸೆ ಕೊಟ್ಟವರು ಅವರೇ.

ಒತ್ತುವಾಗ ಅವಸರ ಕೂಡದು. ನಿಧಾನ ಒತ್ತಡ ಹೆಚ್ಚಿಸಿ, ತಡೆಯಬಲ್ಲ ನೋವು ಬಂದಾಗ ಅಲ್ಲೇ ನಿಲ್ಲಬೇಕು. 30ರಿಂದ 90 ಸೆಕೆಂಡ್ ಹಿಡಿದರೆ ಬೆರಳ ಕೆಳಗೆ ಸ್ನಾಯು ಮೆತ್ತಗಾಗುತ್ತದೆ, ನೋವೂ ಇಳಿಯುತ್ತದೆ. ನನಗೆ ಇದರ ಫಲ ಕೂಡಲೇ ಕಂಡಿತು. ಆದರೆ ಮರುದಿನ ಆ ಜಾಗ ಪೆಟ್ಟು ಬಿದ್ದ ಹಾಗೆ ನೋಯುತ್ತಿತ್ತು. ಜೋರಾಗಿ ಒತ್ತಿದಷ್ಟೂ ಒಳ್ಳೆಯದು ಎಂದು ಎಷ್ಟೋ ಜನ ನಂಬಿದ್ದಾರೆ. ಅದು ಸರಿಯಲ್ಲ. ಹಲ್ಲು ಕಚ್ಚಿ ಉಸಿರು ಬಿಗಿಹಿಡಿದರೆ ಸ್ನಾಯು ಸಡಿಲವಾಗುವ ಬದಲು ಇನ್ನೂ ಗಟ್ಟಿಯಾಗುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ನಿಂತದ್ದು ಇದಾದ ನಂತರ ಕಲಿಸಿದ ವಿಧಾನ. ಅದರ ಹೆಸರು ಮಸಲ್ ಎನರ್ಜಿ ಟೆಕ್ನಿಕ್. ಇಲ್ಲಿ ಚಿಕಿತ್ಸಕರ ಬಲಕ್ಕಿಂತ ನಮ್ಮ ಬಲವೇ ಮುಖ್ಯ. ಬಲಗಡೆ ನೋವಿದೆ ಎಂದುಕೊಳ್ಳಿ. ಕುರ್ಚಿಯ ಅಂಚನ್ನು ಬಲಗೈಯಿಂದ ಹಿಡಿದು, ತಲೆಯನ್ನು ಎಡಕ್ಕೆ ವಾಲಿಸಬೇಕು. ಎಲ್ಲಿ ಬಿಗಿ ಅನಿಸುತ್ತದೋ ಅಲ್ಲಿಗೆ ನಿಲ್ಲಿಸಿ, ಎಡಗೈಯನ್ನು ತಲೆಯ ಮೇಲಿಂದ ತಂದು ಬಲಬದಿಗೆ ಅಡ್ಡ ಹಿಡಿಯಬೇಕು. ಈಗ ತಲೆಯನ್ನು ಬಲಕ್ಕೆ ತರಲು ನೋಡಬೇಕು, ಆದರೆ ಅಡ್ಡ ಹಿಡಿದ ಕೈ ಅದನ್ನು ಸರಿಯಲು ಬಿಡಬಾರದು. ನಮ್ಮ ಶಕ್ತಿಯ ಐದರಲ್ಲಿ ಒಂದು ಪಾಲು ಸಾಕು. 5ರಿಂದ 10 ಸೆಕೆಂಡ್ ಹಾಗೇ ಹಿಡಿದು, ಉಸಿರು ಬಿಡುತ್ತಾ ಪೂರ್ತಿ ಸಡಿಲ ಬಿಡಬೇಕು. ಆಗ ತಲೆ ತಾನಾಗಿ ಇನ್ನೊಂದಿಷ್ಟು ಎಡಕ್ಕೆ ಹೋಗುತ್ತದೆ. ಹೀಗೆ ಮೂರರಿಂದ ಐದು ಸಲ. ಎಳೆದಾಡುವುದು, ಜಗ್ಗುವುದು ಇಲ್ಲ.

"ಜೋರು ಬೇಡ್ರೀ, ಸುಮ್ನೆ ತಳ್ಳಬೇಕು ಅಂತ ಅನ್ಕೊಂಡ್ರೆ ಸಾಕು" ಎಂದು ನನಗೆ ಕಲಿಸಿದವರು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಮಾತು ಪಾಲಿಸಿದ ದಿನ ಗದ್ದ ಹೆಗಲ ಹತ್ತಿರ ಬಂತು. ಮರುದಿನ ಬೆಳಿಗ್ಗೆಯೂ ಹಾಗೇ ಇತ್ತು, ಪೆಟ್ಟು ಬಿದ್ದಂಥ ನೋವೂ ಇಲ್ಲ. ಇದನ್ನು ಮನೆಯಲ್ಲಿ ನಾವೇ ಮಾಡಿಕೊಳ್ಳಬಹುದು ಎನ್ನುವುದೂ ದೊಡ್ಡ ಅನುಕೂಲ. ಘಟ್ಟದ ಕೆಳಗೆ ಚಿಕಿತ್ಸೆಗೆ ಹೋಗಿ, ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸಿನಲ್ಲಿ ಕುಲುಕುತ್ತಾ ವಾಪಸ್ ಬರುವಾಗ ಪಡೆದ ಆರಾಮ ಅರ್ಧ ಕಳೆದಿರುತ್ತದೆ ಅಲ್ವಾ? ಮನೆಯಲ್ಲೇ ಮಾಡಿಕೊಂಡರೆ ಆ ತೊಂದರೆ ಇಲ್ಲ.

ಕುತ್ತಿಗೆ ಹಿಡಿದುಕೊಂಡು ಅಲ್ಲಾಡಿಸಲೂ ಆಗದ ದಿನ ಮಾತ್ರ ಇದೂ ಬೇಡ, ಒತ್ತುವುದೂ ಬೇಡ. ಅವತ್ತಿಗೆ ಒಪ್ಪುವುದು ಭಂಗಿಯಿಂದ ಸಡಿಲಿಸುವ ವಿಧಾನ. ಅಮೆರಿಕದ ಆಸ್ಟಿಯೋಪಥಿ (ಮೂಳೆ-ಸ್ನಾಯುಗಳಿಗೆ ಕೈಯಿಂದಲೇ ಮಾಡುವ ಚಿಕಿತ್ಸೆಗೆ ಒತ್ತು ಕೊಡುವ ಪದ್ಧತಿ) ವೈದ್ಯ ಲಾರೆನ್ಸ್ ಜೋನ್ಸ್ 1950ರ ದಶಕದಲ್ಲಿ ಇದನ್ನು ಕಂಡುಕೊಂಡರು. ಬಿಗಿದ ಸ್ನಾಯುವನ್ನು ಇಲ್ಲಿ ಎಳೆಯುವುದಿಲ್ಲ, ಕುಗ್ಗಿಸುತ್ತಾರೆ. ಮಲಗಿಸಿ, ತಲೆಯನ್ನು ನೋವಿರುವ ಕಡೆಗೇ ವಾಲಿಸಿ, ತೋಳನ್ನು ಎತ್ತಿ, ನೋವು ಅತಿ ಕಡಿಮೆ ಅನಿಸುವ ಭಂಗಿ ಹುಡುಕುತ್ತಾರೆ. ಅಲ್ಲಿ 90 ಸೆಕೆಂಡ್ ಇಟ್ಟು, ಬಹಳ ನಿಧಾನವಾಗಿ ವಾಪಸ್ ತರುತ್ತಾರೆ. ಮಾಡಿಸಿಕೊಳ್ಳುವಾಗ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಎದ್ದ ಮೇಲೆ ಕತ್ತು ತಿರುಗುತ್ತದೆ. ಆದರೆ ಹಳೆಯ ಗಂಟಿಗೆ ಇದೊಂದೇ ನನಗೆ ಸಾಕಾಗಲಿಲ್ಲ. ಒತ್ತುವುದು, ಈ ಭಂಗಿ, ಮಸಲ್ ಎನರ್ಜಿ ಮೂರನ್ನೂ ಒಂದರ ಹಿಂದೊಂದು ಮಾಡುವ ಕ್ರಮವನ್ನು ಲಿಯೋನ್ ಚೈಟೋವ್ ಎಂಬ ಆಸ್ಟಿಯೋಪಥಿ ತಜ್ಞ ರೂಪಿಸಿದರು. ಒಳ್ಳೆಯ ಕೈ ಸಿಕ್ಕರೆ ಅದನ್ನೇ ಕೇಳಿ ಮಾಡಿಸಿಕೊಳ್ಳಿ.

ಕ್ಷೌರದಂಗಡಿಯಲ್ಲಿ ಲಟಕ್ಕೆಂದು ಕತ್ತು ತಿರುಗಿಸುವುದನ್ನು ನಾನು ಈ ಹೋಲಿಕೆಗೆ ಸೇರಿಸಿಲ್ಲ. ಮಿದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಎರಡು ಕುತ್ತಿಗೆಯ ಮೂಳೆಗಳ ತೂತುಗಳ ಮೂಲಕವೇ ಹಾದು ಹೋಗುತ್ತವೆ. ಜೋರಾಗಿ ತಿರುವಿದಾಗ ನಾಳದ ಒಳಗೋಡೆ ಹರಿದು ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೂ ಆಯಿತೆಂದರೆ ಜೀವಮಾನದ ಪೆಟ್ಟು. ಬರೀ ಸ್ನಾಯು ನೋವಿಗೆ ಅಷ್ಟು ಅಪಾಯ ಯಾಕೆ?

ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು, ನಡೆಯುವಾಗ ತೂರಾಡುವುದು, ಜ್ವರದ ಜೊತೆ ಕುತ್ತಿಗೆ ಬಿಗಿಯುವುದು, ಬಿದ್ದ ಮೇಲೆ ಶುರುವಾದ ನೋವು, ಇವಕ್ಕೆ ಯಾವ ನೀವುವಿಕೆಯೂ ಬೇಡ. ಮೊದಲು ಡಾಕ್ಟರು. ಎದೆ ಒತ್ತಿದಂತಾಗಿ, ಬೆವರು ಬಂದು ಹೆಗಲು-ತೋಳು ನೋಯುತ್ತಿದ್ದರೆ ತಕ್ಷಣ ಆಸ್ಪತ್ರೆ.

ಈಗ ನನ್ನ ಕ್ರಮ ಹೀಗಿದೆ. ಸಂಜೆ ಬಿಸಿನೀರು ಸ್ನಾನ. ಗೋಡೆಗೂ ಹೆಗಲ ಹಲಗೆಗೂ ನಡುವೆ ಟೆನಿಸ್ ಚೆಂಡಿಟ್ಟು ಗಂಟಿನ ಮೇಲೆ ಒಂದು ನಿಮಿಷ ಒರಗುವುದು, ಬೆನ್ನುಮೂಳೆಯ ಮೇಲೆ ಮಾತ್ರ ಚೆಂಡು ಬರಬಾರದು. ಆಮೇಲೆ ತಲೆ ವಾಲಿಸಿ ತಳ್ಳಿ ಬಿಡುವುದು. ವಾರದಲ್ಲಿ ಕೆಲವು ದಿನ ನೀರು ತುಂಬಿದ ಬಾಟಲಿ ಹಿಡಿದು ಹೆಗಲು ಎತ್ತಿ ಇಳಿಸುತ್ತೇನೆ. ಯಾಕೆಂದರೆ ಸಡಿಲವಾದ ಸ್ನಾಯುವಿಗೆ ಬಲವೂ ಬೇಕು. ಎಣ್ಣೆ ಶಾಖ ಕೊಯ್ಲು ಮುಗಿದ ಮೇಲೆ, ಮೈ ಪೂರ್ತಿ ದಣಿದಾಗ. ಸುಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ಅಡಿಕೆ ಬುಟ್ಟಿ ಬದಲಿಸುವ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ.