ದ್ರಾಕ್ಷಿ ಬೆಳೆಯುವವನು ನೆಮಿಯಾಕ್ಕೆ ಹೋಗಿ ಬಂದದ್ದು

ಅಥೆನ್ಸ್‌ನಿಂದ ಬೆಳಿಗ್ಗೆ ವ್ಯಾನಿನಲ್ಲಿ ಕರೆದುಕೊಂಡು ಹೋಗಿ, ಎರಡು ವೈನರಿ ತೋರಿಸಿ, ಸಂಜೆಗೆ ವಾಪಸ್ ತಂದು ಬಿಡುವ ಪ್ಯಾಕೇಜುಗಳಿವೆ. ಗ್ರೀಸಿನ ದ್ರಾಕ್ಷಿ ಸೀಮೆಯ ಊರು ನೆಮಿಯಾವನ್ನು ಹಾಗೆ ನೋಡಬೇಡಿ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಊರಿಗೆ ಜೀವ ಬರುವುದೇ ಸಂಜೆ ಐದರ ಮೇಲೆ, ಹೊಲಕ್ಕೆ ಹೋದವರು ಮನೆಗೆ ಬಂದಾಗ. ಅಷ್ಟೊತ್ತಿಗೆ ವ್ಯಾನುಗಳು ಹೊರಟುಹೋಗಿರುತ್ತವೆ. ಎರಡು ರಾತ್ರಿಯಾದರೂ ಉಳಿಯಿರಿ.

ನನ್ನದು ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ಆರು ಎಕರೆ ದ್ರಾಕ್ಷಿ ಪಡ. ಎಲ್ಲವೂ ಥಾಮ್ಸನ್ ಸೀಡ್‌ಲೆಸ್, ಎಲ್ಲವೂ ಮಣೂಕಕ್ಕೇ, ಅಂದರೆ ಒಣದ್ರಾಕ್ಷಿಗೇ ಹೋಗುವುದು. ಮಗಳು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ಸೆಪ್ಟೆಂಬರ್ ಕೊನೆಗೆ, ಇನ್ನೂ ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸಕ್ಕೆ, ಹತ್ತು ಹದಿನೈದು ದಿನ ಇದ್ದಾಗ, ಅವಳ ಹತ್ತಿರ ಹೋಗಿದ್ದೆ. ಅಲ್ಲಿಂದ ಇಬ್ಬರೂ ಗ್ರೀಸಿಗೆ ಹೊರಟೆವು.

"ಅಪ್ಪಾ, ಸಮುದ್ರ ನೋಡಾಕ ಹೋಗೂನೋ, ದ್ರಾಕ್ಷಿ ನೋಡಾಕ ಹೋಗೂನೋ?" ಅಂದಳು.

"ಸಮುದ್ರ ಎಲ್ಲಿಗೂ ಹೋಗೂದಿಲ್ಲವ್ವಾ. ಸುಗ್ಗಿ ಮುಗದು ಹೋಗ್ತದ" ಅಂದೆ.

ಅಥೆನ್ಸ್‌ನ ಕಿಫಿಸೋಸ್ ಬಸ್ ನಿಲ್ದಾಣದಿಂದ ನೆಮಿಯಾಕ್ಕೆ ನೇರ ಬಸ್ಸು ಸಿಗುತ್ತದೆ, ಸುಮಾರು ಎರಡು ತಾಸಿನ ದಾರಿ. ದಿನಕ್ಕೆ ಇರುವುದೇ ಕೆಲವು ಬಸ್ಸು. ಮರಳುವ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಕೇಳಿ ಬರೆದಿಟ್ಟುಕೊಳ್ಳಿ. ದಾರಿಯಲ್ಲಿ ಕೊರಿಂಥ್ ಕಾಲುವೆ ದಾಟುತ್ತೀರಿ. 1893ರಲ್ಲಿ ಬಂಡೆ ಕಡಿದು ಮುಗಿಸಿದ ಆರು ಕಿಲೋಮೀಟರಿಗೂ ಉದ್ದದ ಕಾಲುವೆ ಅದು, ಬಸ್ಸಿನ ಕಿಟಕಿಯಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಬೀಳುತ್ತದೆ. ಅಲ್ಲಿಂದ ಮುಂದೆ ಬೆಟ್ಟ, ಆಲಿವ್ ಗಿಡ, ಮತ್ತೆ ಬೆಟ್ಟ. ಒಂದು ತಿರುವು ದಾಟಿದ ಮೇಲೆ ಕಣಿವೆ ಬಿಚ್ಚಿಕೊಂಡು, ಕಣ್ಣು ಹರಿದಷ್ಟೂ ದ್ರಾಕ್ಷಿ. ನಾನು ಸೀಟಿನಿಂದ ಎದ್ದು ನಿಂತುಬಿಟ್ಟೆ.

ಊರು ಚಿಕ್ಕದು, ನಾಲ್ಕು ಸಾವಿರದಷ್ಟು ಜನ. ಫೋಟೋದಲ್ಲಿ ನೋಡುವ ಬಿಳಿ ಗೋಡೆ, ನೀಲಿ ಗುಮ್ಮಟದ ಗ್ರೀಸನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದರೆ ನಿರಾಸೆಯಾಗುತ್ತದೆ. ಇಲ್ಲಿರುವುದು ಸಾದಾ ಕಾಂಕ್ರೀಟ್ ಮನೆಗಳು, ಔಷಧಿ ಸಿಂಪಡಿಸುವ ಪಂಪು ಮತ್ತು ಗೊಬ್ಬರ ಮಾರುವ ಅಂಗಡಿ, ಚಹಾದಂಗಡಿಯಂಥ ಕಾಫೆನಿಯೋ. ಅದರ ಮುಂದೆ ಕೂತು ಕೈಯಲ್ಲಿ ಮಣಿಸರ ಆಡಿಸುವ ಹಿರಿಯರು. ರಸ್ತೆಯಲ್ಲಿ ಟ್ರ್ಯಾಕ್ಟರು ದ್ರಾಕ್ಷಿ ತುಂಬಿಕೊಂಡು ಹೋದಾಗ ಡಾಂಬರಿನ ಮೇಲೆ ರಸ ಸೋರಿ, ಅದಕ್ಕೆ ಕಣಜದ ಹುಳು ಮುತ್ತುತ್ತವೆ. ಇಡೀ ಊರಿಗೆ ಹುದುಗುವ ಹಣ್ಣಿನ ವಾಸನೆ. ನನಗೆ ಈ ಊರು ಇಳಿದ ತಾಸಿನೊಳಗೇ ಹಿಡಿಸಿತು.

ವಸತಿ ಬಗ್ಗೆ ಇದ್ದದ್ದು ಇದ್ದಂತೆ ಹೇಳುತ್ತೇನೆ. ನಾವು ಕಾದಿರಿಸಿದ್ದ ಕೋಣೆ ಸ್ವಚ್ಛವಾಗಿತ್ತು, ಹಾಸಿಗೆ ಚೆನ್ನಾಗಿತ್ತು. ಆದರೆ ಮೂರು ಗಂಟೆಗೆ ಮುಟ್ಟಿದವರಿಗೆ ಬಾಗಿಲು ತೆಗೆದದ್ದು ಐದೂವರೆಗೆ. ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಅಲ್ಲಿ ಫೋನೂ ಎತ್ತುವುದಿಲ್ಲ. ಎರಡೂವರೆ ತಾಸು ಬ್ಯಾಗು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತೆವು. ಬರುವ ಹೊತ್ತನ್ನು ಮುಂಚೆಯೇ ಬರೆದು ತಿಳಿಸಿ, ಅವರಿಂದ ಉತ್ತರ ಬಂದ ಮೇಲೇ ಹೊರಡಿ.

ಇಲ್ಲಿನ ದ್ರಾಕ್ಷಿಯ ಹೆಸರು ಅಯೋರ್ಯೀತಿಕೋ, ಅಂದರೆ ಸಂತ ಜಾರ್ಜನ ದ್ರಾಕ್ಷಿ. ಊರಿಗೂ ಮೊದಲು ಆ ಸಂತನ ಹೆಸರೇ ಇತ್ತು. ಲೇಬಲ್ಲಿನ ಮೇಲೆ ನೆಮಿಯಾ ಎಂದು ಬರೆಯಬೇಕಾದರೆ ವೈನು ಪೂರ್ತಿ ಈ ಒಂದೇ ತಳಿಯದ್ದಾಗಿರಬೇಕು. 1971ರಿಂದ ಈ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಎರಡನೇ ದಿನ ಬೆಳಿಗ್ಗೆ ಕೂಟ್ಸಿ ಎಂಬ ಹಳ್ಳಿಯ ಇಳಿಜಾರಿನಲ್ಲಿರುವ ಒಂದು ವೈನರಿಗೆ ಹೋದೆವು. ಮುಂಚೆ ಹೇಳದೆ ಹೋದರೆ ಗೇಟು ತೆಗೆಯುವವರೇ ಇರುವುದಿಲ್ಲ. ಸುಗ್ಗಿಯಲ್ಲಿ ಎಲ್ಲರೂ ಕೆಲಸದಲ್ಲಿರುತ್ತಾರೆ. ಮಗಳು ವಾರದ ಮುಂಚೆಯೇ ಇಮೇಲ್ ಮಾಡಿದ್ದಳು.

ತೋರಿಸಿದ ಹುಡುಗಿ ಮೊದಲು ಹೊಲಕ್ಕೆ ಕರೆದುಕೊಂಡು ಹೋದಳು, ನೆಲಮಾಳಿಗೆಗೆ ಆಮೇಲೆ. ಅದಕ್ಕೇ ಅವಳಿಗೆ ಪೂರ್ತಿ ಅಂಕ. ಕಣಿವೆಯ ತಳ ಸಮುದ್ರಮಟ್ಟದಿಂದ 250 ಮೀಟರ್ ಎತ್ತರದಲ್ಲಿದ್ದರೆ, ಆಸ್ಪ್ರೋಕಾಂಬೋಸ್ ಕಡೆಯ ಹೊಲಗಳು 800 ಮೀಟರ್ ದಾಟುತ್ತವೆ. ಕೆಳಗೆ ಹಣ್ಣು ಬೇಗ ಮಾಗಿ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ. ಮೇಲೆ ರಾತ್ರಿ ತಂಪು, ಹುಳಿ ಉಳಿಯುತ್ತದೆ. ಅದಕ್ಕೇ ಒಂದೇ ತಳಿಯಿಂದ ತಿಳಿ ಗುಲಾಬಿ ವೈನೂ ಆಗುತ್ತದೆ, ಹತ್ತು ವರ್ಷ ಇಡಬಹುದಾದ ಗಾಢ ಕೆಂಪು ವೈನೂ ಆಗುತ್ತದೆ. ನಮ್ಮಲ್ಲಿ ಚಾಟ್ನಿ ದಿನವನ್ನು ಹಿಂದೆ ಮುಂದೆ ಮಾಡಿ ಸುಗ್ಗಿಯನ್ನು ಸರಿಸುತ್ತೇವೆ, ಅಲ್ಲಿ ಅದೇ ಕೆಲಸವನ್ನು ಬೆಟ್ಟ ಮಾಡುತ್ತದೆ. ಅವರದು ವರ್ಷಕ್ಕೆ ಒಂದೇ ಚಾಟ್ನಿ, ಚಳಿಗಾಲದಲ್ಲಿ. ಬಳ್ಳಿ ಎಲೆ ಉದುರಿಸಿ ನಿಜವಾಗಿ ಮಲಗುತ್ತದೆ. ನಮ್ಮ ಬಳ್ಳಿಗೆ ಆ ವಿಶ್ರಾಂತಿ ಇಲ್ಲ ಎಂದು ನೆನೆದು ನನಗೆ ಸ್ವಲ್ಪ ಕಸಿವಿಸಿಯಾಯಿತು.

ನಾನು ಕುಡಿಯುವವನಲ್ಲ. ರುಚಿ ನೋಡುವ ಮೇಜಿನ ಮೇಲೆ ಉಗುಳಲು ಒಂದು ಪಾತ್ರೆ ಇಟ್ಟಿರುತ್ತಾರೆ, ಅದನ್ನು ಬಳಸಲು ನಾಚಿಕೆಪಡಬೇಕಿಲ್ಲ, ವೈನು ಮಾಡುವವರೇ ಉಗುಳುತ್ತಾರೆ. ಬಾಯಲ್ಲಿಟ್ಟು ಹೊರಹಾಕಿದೆ. ನೇರಳೆ ಹಣ್ಣಿನ ನೆನಪು, ಹಿಂದೆಯೇ ಲವಂಗದ ಘಾಟು, ನಾಲಿಗೆಯ ಮೇಲೆ ಒಗರು ಕಡಿಮೆ. ಮಗಳು ತನ್ನ ಗ್ಲಾಸು ಎತ್ತುವ ಮುಂಚೆ ಒಂದು ಸಲ ನನ್ನ ಮುಖ ನೋಡಿದಳು. "ತಗೋಳವ್ವಾ, ಬೆಳದವರ ಕಷ್ಟ ಅದ ಅದರಾಗ" ಅಂದೆ. ಐದು ಬಗೆ ಕೊಟ್ಟರು. ಅವಳಿಗೆ ಮೂರನೆಯದು, ಮರದ ಪೀಪಾಯಿ ಕಾಣದ್ದು, ಎಲ್ಲಕ್ಕಿಂತ ಸೇರಿತು.

ಮಧ್ಯಾಹ್ನ ಪ್ರಾಚೀನ ನೆಮಿಯಾಕ್ಕೆ ಹೋದೆವು. ಊರಿನಿಂದ ನಾಲ್ಕೈದು ಕಿಲೋಮೀಟರ್. ಜ್ಯೂಸ್ ದೇವರ ಗುಡಿ ಕ್ರಿಸ್ತಪೂರ್ವ 330ರ ಸುಮಾರಿನದು. ಶತಮಾನಗಳ ಕಾಲ ಮೂರೇ ಕಂಬ ನಿಂತಿದ್ದವು. ನೆಲಕ್ಕೆ ಬಿದ್ದ ಗಾಣದ ಕಲ್ಲಿನಂಥ ತುಂಡುಗಳನ್ನು ಒಂದರ ಮೇಲೊಂದು ಕೂರಿಸಿ ಈಗ ಒಂಬತ್ತು ನಿಲ್ಲಿಸಿದ್ದಾರೆ. ಹತ್ತು ಮೀಟರಿಗೂ ಎತ್ತರ, ಆ ಎತ್ತರಕ್ಕೆ ತೀರಾ ಸಪೂರ. ಸುತ್ತಲೂ ದ್ರಾಕ್ಷಿ. ಮ್ಯೂಸಿಯಂ ಚಿಕ್ಕದಾದರೂ ಚೊಕ್ಕ, ಅರ್ಧ ತಾಸು ಸಾಕು.

ಆದರೆ ಕ್ರೀಡಾಂಗಣಕ್ಕೆ ಹೊತ್ತು ಕೊಡಿ. ಗುಡಿಯಿಂದ ನಡೆದೇ ಹೋಗಬಹುದು. ಒಲಿಂಪಿಯಾದಂತೆ ಇಲ್ಲೂ ಆಟಗಳು ನಡೆಯುತ್ತಿದ್ದವು, ಎರಡು ವರ್ಷಕ್ಕೊಮ್ಮೆ. ಗೆದ್ದವನ ತಲೆಗೆ ಹಸಿರು ಅಜಮೋದದ ಸೊಪ್ಪಿನ ಕಿರೀಟ. ಸೊಪ್ಪಿನ ಹಾಸಿನ ಮೇಲೆ ಮಲಗಿಸಿದ್ದ ಒಂದು ಕೂಸನ್ನು ಹಾವು ಕೊಂದಿತು, ಅದರ ನೆನಪಿಗೆ ಈ ಆಟ ಎಂಬುದು ಅವರ ಪುರಾಣ. ತೀರ್ಪುಗಾರರು ಸೂತಕದ ಕಪ್ಪು ಬಟ್ಟೆ ಉಡುತ್ತಿದ್ದರಂತೆ. ಓಟಗಾರರು ಬಟ್ಟೆ ಕಳಚುವ ಕೋಣೆಯಿಂದ ಅಂಗಣಕ್ಕೆ ಬರಲು 36 ಮೀಟರ್ ಉದ್ದದ ಕಮಾನಿನ ಸುರಂಗ. ಅದರೊಳಗೆ ನಡೆದು ಹೋದೆವು. ಸರದಿಗೆ ಕಾಯುತ್ತಾ ನಿಂತ ಹುಡುಗರು ಗೋಡೆಯ ಮೇಲೆ ಗೀಚಿದ್ದು ಈಗಲೂ ಇದೆ. ಒಬ್ಬ "ಅಕ್ರೋತಾತೋಸ್ ಸುಂದರ" ಎಂದು ಬರೆದಿದ್ದಾನೆ. ಇನ್ನೊಬ್ಬ ಅದರ ಪಕ್ಕ "ಬರೆದವನಿಗೆ" ಎಂದು ಸೇರಿಸಿದ್ದಾನೆ. ಎರಡು ಸಾವಿರದ ಮುನ್ನೂರು ವರ್ಷದ ಹಿಂದಿನ ಕೀಟಲೆ!

ಸುರಂಗ ದಾಟಿದರೆ ಬೆಳಕು, ಮಣ್ಣಿನ ಓಟದ ಹಾದಿ, ಓಟ ಶುರುವಾಗುವಲ್ಲಿ ಅಡ್ಡಲಾಗಿ ಹಾಸಿದ ಕಲ್ಲು. ಕಲ್ಲಿನುದ್ದಕ್ಕೂ ಎರಡು ಗೀರು, ಕಾಲ್ಬೆರಳು ಸಿಕ್ಕಿಸಲು. ಚಪ್ಪಲಿ ಬಿಟ್ಟು ನಿಂತೆ. ಕಲ್ಲು ಬಿಸಿಯಾಗಿತ್ತು, ಗೀರಿನ ಅಂಚು ಸವೆದು ನುಣುಪಾಗಿತ್ತು, ಹೆಬ್ಬೆರಳು ತಾನಾಗಿಯೇ ಅದರಲ್ಲಿ ಕೂತಿತು. ಇದನ್ನೆಲ್ಲ ಮಣ್ಣಿನಿಂದ ಹೊರತೆಗೆದವರು ಬರ್ಕ್ಲಿ ವಿಶ್ವವಿದ್ಯಾಲಯದ ಸ್ಟೀಫನ್ ಮಿಲ್ಲರ್ ಮತ್ತು ಅವರ ತಂಡ, 1970ರ ದಶಕದಿಂದ ಅಗೆದು. 1996ರಲ್ಲಿ ಇದೇ ಅಂಗಣದಲ್ಲಿ ಮತ್ತೆ ಓಟ ಶುರುವಾಯಿತು. ಯಾವ ದೇಶದವರೂ, ಯಾವ ವಯಸ್ಸಿನವರೂ ಬಿಳಿ ಅಂಗಿ ತೊಟ್ಟು ಬರಿಗಾಲಲ್ಲಿ ಓಡಬಹುದು.

ಮರಳಿ ಕರೆದೊಯ್ಯಲು ಬರುತ್ತೇನೆಂದ ಟ್ಯಾಕ್ಸಿಯವನು ಬರಲಿಲ್ಲ. ಮುಕ್ಕಾಲು ತಾಸು ಕಾದು ನಡೆಯಲು ಶುರು ಮಾಡಿದೆವು. ಮಗಳಿಗೆ ಸಿಟ್ಟು ಬಂದಿತ್ತು, ನನಗೂ. ಅರ್ಧ ದಾರಿಯಲ್ಲಿ ರಸ್ತೆಗೆ ಹತ್ತಿದ ಹೊಲದಲ್ಲಿ ಗಂಡ ಹೆಂಡತಿ ಇಬ್ಬರೂ ಗೊಂಚಲು ಕೊಯ್ದು ಕ್ರೇಟಿಗೆ ತುಂಬುತ್ತಿದ್ದರು. ನಾನು ನಿಂತು ನೋಡಿದೆ. ಆ ಯಜಮಾನ, ಅರವತ್ತು ದಾಟಿರಬೇಕು, ಕೈ ಬೀಸಿ ಕರೆದ.

ಅಲ್ಲಿ ಮಾತು ಬೇಕಾಗಲೇ ಇಲ್ಲ ಎಂದು ಹೇಳಿದರೆ ಸುಳ್ಳಾದೀತು. ಮಗಳು ಫೋನಿನಲ್ಲಿ ಅನುವಾದ ಮಾಡುತ್ತಾ ಇದ್ದಳು, ಅರ್ಧ ತಪ್ಪು ಬರುತ್ತಿತ್ತು. ಆತ ಅಂಗಿಯ ಜೇಬಿನಿಂದ ಹಣ್ಣಿನ ರಸದ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ತೆಗೆದ. ನನ್ನ ಮನೆಯಲ್ಲಿ ಇರುವಂಥದ್ದೇ, ಕಪ್ಪು ಹಿಡಿಕೆಯದು. ಒಂದು ಹಣ್ಣು ಹಿಂಡಿ, ಗಾಜಿನ ಮೇಲೆ ರಸ ಬಿಟ್ಟು, ಮುಚ್ಚಳ ಒತ್ತಿ ನನ್ನ ಕೈಗೆ ಕೊಟ್ಟ. ಸೂರ್ಯನ ಕಡೆ ಹಿಡಿದು ನೋಡಿದೆ: ನೀಲಿ ಗೆರೆ 23 ಬ್ರಿಕ್ಸ್ ಮೇಲೆ ನಿಂತಿತ್ತು. ಮಣ್ಣಿನ ಮೇಲೆ ಬೆರಳಿನಿಂದ 23 ಎಂದು ಬರೆದೆ. ಆತ ತಲೆ ಅಲ್ಲಾಡಿಸಿ ಪಕ್ಕದಲ್ಲಿ 12.8 ಎಂದು ಬರೆದ. ನಾನು ತಪ್ಪು ಓದಿದೆನೋ ಎಂದು ಮತ್ತೆ ನೋಡಿದೆ. ಆಮೇಲೆ ಮಗಳು ಹುಡುಕಿ ಹೇಳಿದಳು: ನಾವು ಸಕ್ಕರೆ ಅಳೆಯುವುದು ಬ್ರಿಕ್ಸ್‌ನಲ್ಲಿ, ಅವರು ಲೆಕ್ಕ ಹಾಕುವುದು ಬೋಮೆ ಎಂಬ ಇನ್ನೊಂದು ಅಳತೆಯಲ್ಲಿ, ಬ್ರಿಕ್ಸನ್ನು ಒಂದು ಪಾಯಿಂಟ್ ಎಂಟರಿಂದ ಭಾಗಿಸಿದರೆ ಹೆಚ್ಚುಕಡಿಮೆ ಬೋಮೆ ಬರುತ್ತದೆ, ಮತ್ತು ಆ ಅಂಕಿಯೇ ಹತ್ತಿರಹತ್ತಿರ ವೈನಿನ ಮದ್ಯದ ಪ್ರಮಾಣ. ನಾವು ಸಕ್ಕರೆ ನೋಡುವುದು ಮಣೂಕದ ತೂಕಕ್ಕಾಗಿ, ಅವರು ನೋಡುವುದು ಬಾಟಲಿಗಾಗಿ. ನನ್ನ ಫೋನಿನಲ್ಲಿದ್ದ ನಮ್ಮ ಮಣೂಕದ ಶೆಡ್ಡಿನ ಫೋಟೋ ತೋರಿಸಿದಾಗ ಅವನ ಹೆಂಡತಿ "ಸುಲ್ತಾನಿನಾ!" ಎಂದು ಕೂಗಿದಳು. ನಮ್ಮ ಥಾಮ್ಸನ್ ಸೀಡ್‌ಲೆಸ್ ಅವರ ಸುಲ್ತಾನಿನಾನೇ. ಅದೇ ಕೊರಿಂಥ್ ಜಿಲ್ಲೆಯ ಕರಾವಳಿಯಲ್ಲಿ ಅದನ್ನು ಬೆಳೆಯುತ್ತಾರೆ. ಬೂದಿ ರೋಗ ಬಿದ್ದ ಒಂದು ಗೊಂಚಲನ್ನು ಆತ ಎತ್ತಿ ತೋರಿಸಿದ. ಅದಕ್ಕೆ ಅನುವಾದ ಬೇಕಾಗಲಿಲ್ಲ. ಕತ್ತಲಾಗುವ ಮುಂಚೆ ಅವರದೇ ಪಿಕಪ್ಪಿನಲ್ಲಿ, ಕ್ರೇಟುಗಳ ಪಕ್ಕ ಕೂರಿಸಿಕೊಂಡು ಊರಿಗೆ ಬಿಟ್ಟರು.

ಊಟದ ಚಿಂತೆ ಶಾಕಾಹಾರಿಗಳಿಗೆ ಇರುತ್ತದೆ. ಒಂದು ಪದ ಕಲಿತುಕೊಳ್ಳಿ: ನಿಸ್ತೀಸಿಮಾ. ಅವರ ಚರ್ಚಿನ ಉಪವಾಸದ ಅಡುಗೆ, ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಸೀಗಡಿ, ಸ್ಕ್ವಿಡ್‌ನಂಥವು ಅದರಲ್ಲಿ ನಡೆಯುತ್ತವೆ, ಅದನ್ನು ಬೇರೆಯಾಗಿ ಕೇಳಿ. ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಕಾಳು ಗಿಗಾಂಟೆಸ್, ಬೇಯಿಸಿ ನಿಂಬೆ ಹಿಂಡಿದ ಕಾಡುಸೊಪ್ಪು ಹೋರ್ತಾ, ಭಟ್ಟಿಯ ಬಿಸಿ ಬ್ರೆಡ್ಡು. ಖಾರ ಇಲ್ಲ. ನಾನು ಚೀಲದಲ್ಲಿ ಶೇಂಗಾ ಹಿಂಡಿ ಒಯ್ದಿದ್ದೆ, ಗಿಗಾಂಟೆಸ್ ಮೇಲೆ ಉದುರಿಸಿಕೊಂಡು ಎರಡು ತಟ್ಟೆ ಉಂಡೆ. ಊಟವಾದ ಮೇಲೆ ಮುಸ್ತಲೆವ್ರಿಯಾ ತಂದರು, ದ್ರಾಕ್ಷಿ ರಸಕ್ಕೆ ಹಿಟ್ಟು ಹಾಕಿ ಕುದಿಸಿ ಹೆಪ್ಪುಗಟ್ಟಿಸಿದ್ದು, ಮೇಲೆ ಅಕ್ರೋಟು, ದಾಲ್ಚಿನ್ನಿ. ಹಾಲುಬಾಯಿ ಹದ. ಸುಗ್ಗಿಯ ತಿಂಗಳಲ್ಲೇ ಇದನ್ನು ತಾಜಾ ಮಾಡುವುದು.

ಒಯ್ಯಬೇಕಾದ್ದು ಒಂದಿದ್ದರೆ ಪೆತಿಮೇಜಿ. ದ್ರಾಕ್ಷಿ ರಸವನ್ನು ತಾಸುಗಟ್ಟಲೆ ಕುದಿಸಿ ಇಳಿಸಿದ ಪಾಕ, ಸಕ್ಕರೆ ಬೆರೆಸುವುದಿಲ್ಲ. ಕಣ್ಣಿಗೆ ಜೋನಿ ಬೆಲ್ಲ, ನಾಲಿಗೆಗೆ ಕೊನೆಯಲ್ಲಿ ಸಣ್ಣ ಹುಳಿ. ಎರಡು ಬಾಟಲಿ ಟವೆಲ್ಲಿನಲ್ಲಿ ಸುತ್ತಿ ತಂದೆ. ಅವ್ವ ಸಜ್ಜಿ ರೊಟ್ಟಿಗೆ ಹಚ್ಚಿಕೊಂಡು ತಿಂದು, "ಇದನ್ನ ನಾವ್ಯಾಕ ಮಾಡವಲ್ಲಿವೋ?" ಎಂದು ಕೇಳಿದಳು. ಈ ಸಲ ಸುಗ್ಗಿಯಲ್ಲಿ ಎರಡು ಕ್ರೇಟು ಬೇರೆ ಇಟ್ಟು ಕುದಿಸಿ ನೋಡುವವನಿದ್ದೇನೆ.

ಹೋಗುವವರು ಸೆಪ್ಟೆಂಬರ್ ಎರಡನೇ ಭಾಗ ಆರಿಸಿಕೊಳ್ಳಿ. ಸಾಧ್ಯವಿದ್ದರೆ ಕೊರಿಂಥ್‌ನಲ್ಲಿ ಕಾರು ಬಾಡಿಗೆಗೆ ತಗೊಳ್ಳಿ, ಟ್ಯಾಕ್ಸಿ ನೆಚ್ಚಬೇಡಿ. ಭಾನುವಾರ ತಪ್ಪಿಸಿ. ಆ ಯಜಮಾನ ನಮ್ಮನ್ನು ಚಾಟ್ನಿ ನೋಡಲು ಫೆಬ್ರುವರಿಯಲ್ಲಿ ಬರಲು ಹೇಳಿದ್ದಾನೆ. ಫೆಬ್ರುವರಿಯಲ್ಲಿ ನನ್ನ ಪಡದಲ್ಲಿ ಹಣ್ಣು ಇಳಿಸುವ ಹೊತ್ತು. ಹತ್ತು ದಿನ ಶೆಡ್ಡು ನೋಡಿಕೊಳ್ಳುತ್ತೀಯಾ ಎಂದು ತಮ್ಮನನ್ನು ಕೇಳಬೇಕು.